ಹೊನ್ನವ್ವಾಯಿಯ ಹೆಣ ಎತ್ತಿದ್ದು

“ಇವತ್ತ ಮಗ್ಗ ನಡಿಯಂಗಿಲ್ಲರಿ ರಾಯರ. ಹೆಣ ಇನ್ನೂ ಮನ್ಯಾಗ ಐತಿ” ಎಂದ ನೇಕಾರ ಉಡಚಪ್ಪ.

ಮಾರ್ತಾಂಡ ಬೇವಿನ ಕಡ್ಡಿಯನ್ನು ಬಾಯಲ್ಲಿಟ್ಟುಕೊಂಡೇ ಓಣಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದ. ಬೆಟಗೇರಿಯ ನೇಕಾರರ ಓಣಿಯಲ್ಲಿ ಹೊತ್ತು ಏರಿದ ಮೇಲೂ ಇಂಥ ಸದ್ದಿಲ್ಲದ ಬೆಳಗನ್ನು ಅವನು ಕಂಡಿರಲಿಲ್ಲ. ದಿನಾ ಈ ಹೊತ್ತಿಗೆ ಮಗ್ಗಗಳ ಖಟಪಟಕ್ಕೆ ಗೋಡೆಯ ಸುಣ್ಣ ಉದುರುತ್ತಿತ್ತು. ಈಗ ಗಂಡಸರೆಲ್ಲ ಕಟ್ಟೆಗಳ ಮೇಲೆ ಮೊಣಕಾಲು ತಬ್ಬಿಕೊಂಡು ಕೂತಿದ್ದಾರೆ. ಎದುರುಮನೆಯ ಮುದುಕಿ ದುರಗವ್ವ, ಲಾಳಿಗೆ ನೂಲಿನ ಕಂಡಿಕೆ ಸುತ್ತುವುದನ್ನು ಎಂದೂ ಬಿಟ್ಟವಳಲ್ಲ, ರಾಟೆಯನ್ನು ಗೋಡೆಗೆ ಒರಗಿಸಿಟ್ಟು ಸುಮ್ಮನೆ ಬಾಗಿಲಲ್ಲಿ ಕೂತಿದ್ದಾಳೆ.

“ಯಾರದೋ ಹೆಣಾ?” ಎಂದು ಕೇಳಿದ.

“ಹೊನ್ನವ್ವಾಯಿದರಿ. ನಿನ್ನಿ ಸಂಜೀಕ ನೀವ ಕೊಂದ್ರೆಲ್ಲ.”

ಬೇವಿನ ಕಡ್ಡಿ ಬಾಯಿಂದ ಜಾರಿ ಅಂಗಳಕ್ಕೆ ಬಿತ್ತು.

ಹೊನ್ನವ್ವಾಯಿ ಎಂಬ ಅಜ್ಜಿ ಬೆಟಗೇರಿಯಲ್ಲಾಗಲಿ ಗದಗಿನಲ್ಲಾಗಲಿ ಎಂದೂ ಬದುಕಿದವಳಲ್ಲ. ಆಕೆ ಹುಟ್ಟಿದ್ದೇ ಆ ವರ್ಷದ ಯುಗಾದಿಯ ಹೊತ್ತಿಗೆ, ‘ತಿಂಗಳ ಬಳಗ’ದವರ ಕಾಗದದ ಮೇಲೆ. ಈ ಬಳಗ ವಿಮಲಾಬಾಯಿಯವರು ಕಟ್ಟಿದ್ದು. ಆಕೆ ಹೆಣ್ಣುಮಕ್ಕಳ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿದ್ದು ನಿವೃತ್ತರಾದವರು. ಮಕ್ಕಳಿಗೆ ಓದಲು ಕಲಿಸಿದ್ದಾಯಿತು, ಇನ್ನು ದೊಡ್ಡವರಿಗೆ ಬರೆಯಲು ಕಲಿಸೋಣ ಎಂದು ಹಟ ತೊಟ್ಟಿದ್ದರು. ತಿಂಗಳಿಗೊಂದು ವಿಷಯ ಕೊಡುವರು. ಒಂದು ತಿಂಗಳು ‘ಮಾಳಿಗೆ ಸೋರಿದ ದಿನ’, ಮತ್ತೊಂದು ತಿಂಗಳು ‘ಕರೆಯದೆ ಬಂದ ಬೀಗರು’. ಬರೆದು ತಂದವರಿಗೆ ಚಹಾ, ಬರೆಯದವರಿಗೆ ಬೈಗುಳ. ಕನ್ನಡ ನಾಡು ಒಂದಾಗುವುದು ಖಾತ್ರಿಯಾದಾಗ ವಿಮಲಾಬಾಯಿಯವರಿಗೆ ಹೊಸ ಹುರುಪು ಬಂತು. ಇಷ್ಟು ದೊಡ್ಡ ನಾಡು ಕೂಡತದ, ನಾವು ಕೂಡಿ ಒಂದು ಕತಿ ಬರೀಲಿಕ್ಕೆ ಆಗೂದಿಲ್ಲೇನು ಎಂದರು. ಗದಗಿನವರು, ಮುಂಡರಗಿಯವರು, ಹಿಂದೆ ಸಾಂಗ್ಲಿ ಮೀರಜದ ಸಂಸ್ಥಾನಿಕರ ಕೈಕೆಳಗಿದ್ದ ಶಿರಹಟ್ಟಿ ಲಕ್ಷ್ಮೇಶ್ವರದವರು ಎಲ್ಲ ಸೇರಿ ಒಂದೇ ಕಾದಂಬರಿ ಬರೆಯುವುದೆಂದು ಠರಾವಾಯಿತು. ಚೀಟಿ ಎತ್ತಿ ತಿಂಗಳಿಗೊಬ್ಬರು ಒಂದು ಅಧ್ಯಾಯ ಬರೆಯಬೇಕು. ಹಿಂದಿನವರು ಬರೆದದ್ದನ್ನು ಮುಂದಿನವರು ಅಲ್ಲಗಳೆಯುವಂತಿಲ್ಲ. ಒಬ್ಬರೇ ಬೆನ್ನುಬೆನ್ನಿಗೆ ಎರಡು ಅಧ್ಯಾಯ ಬರೆಯುವಂತಿಲ್ಲ.

ಒಬ್ಬೊಬ್ಬರೂ ಕತೆಯನ್ನು ತಮ್ಮ ಊರಿನ ಕಡೆಗೆ ಎಳೆದರು. ಲಕ್ಷ್ಮೇಶ್ವರದವರು ಮದುವೆ ಗೊತ್ತುಮಾಡಿದ ಹುಡುಗಿಯನ್ನು ಶಿರಹಟ್ಟಿಯವರು ಓದಲು ಕಳಿಸಿದರು. ಕಥಾನಾಯಕನಂತೂ ಎರಡನೆಯ ತಿಂಗಳೇ ಮುಂಡರಗಿಯ ಸಂತೆಯಲ್ಲಿ ಕಳೆದುಹೋದ. ಹುಡುಕಲು ಯಾರೂ ಹೋಗಲಿಲ್ಲ. ಈ ಎಳೆದಾಟದಲ್ಲಿ ಅಲುಗಾಡದೆ ನಿಂತವಳು ಹೊನ್ನವ್ವಾಯಿ ಒಬ್ಬಳೇ. ಮೊದಲನೆಯ ಅಧ್ಯಾಯದಲ್ಲಿ ಆಕೆಗಿದ್ದ ಕೆಲಸವೆಂದರೆ ಕದ ತೆಗೆದು “ಯಾವಾಂವಲೇ ಅಂವಾ?” ಎಂದು ಕೇಳುವುದು, ಅಷ್ಟೇ. ಆದರೆ ಆಕೆಯ ಬಾಯಿ ಎಲ್ಲರಿಗೂ ಹಿಡಿಸಿತು. ಒಬ್ಬರು ತಂಬಾಕಿನ ಚಟ ಹಚ್ಚಿದರು, ಇನ್ನೊಬ್ಬರು ಮಂಡಿನೋವು ಕೊಟ್ಟರು, ಮತ್ತೊಬ್ಬರು ಜಗಳ ಬಿಡಿಸುವ ಅಧಿಕಾರ ಕೊಟ್ಟರು. ತಿಂಗಳಿಗೊಮ್ಮೆ ಅಧ್ಯಾಯ ಓದುತ್ತಿದ್ದ ವಾಚನಾಲಯದಲ್ಲಿ ಜನ ಹಿಡಿಸದಾದಾಗ ಓದನ್ನು ಓಣಿಯ ಮಗ್ಗಗಳ ಮಾಲಕ ಹೇಮಪ್ಪನ ಶೆಡ್ಡಿಗೆ ತಂದರು. ಆಮೇಲೆ ಓಣಿಯ ಗಂಡಹೆಂಡಿರ ಜಗಳಗಳೂ ಹೊನ್ನವ್ವಾಯಿ ಇದ್ದಿದ್ದರೆ ಏನನ್ನುತ್ತಿದ್ದಳು ಎಂಬಲ್ಲಿಗೆ ಬಂದು ಮುಗಿಯತೊಡಗಿದವು.

ಇಂಥಾಕೆಯನ್ನು ಮಾರ್ತಾಂಡ ಯಾಕೆ ಕೊಂದ?

ಅವನು ಗದಗಿನಲ್ಲಿ ಹತ್ತಿಯ ದಲಾಲಿ ಮಾಡುವ ಅಡತಿ ಅಂಗಡಿಯಲ್ಲಿ ಗುಮಾಸ್ತ, ಹೇಮಪ್ಪನ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದವನು, ಹೆಂಡಿರು ಮಕ್ಕಳಿಲ್ಲದ ಒಂಟಿ ಆಸಾಮಿ. ಬಳಗ ಹುಟ್ಟಿದಂದಿನಿಂದ ಒಂದು ತಿಂಗಳೂ ತಪ್ಪದೆ ಬರೆದವನು ಅವನೊಬ್ಬನೇ. ಆದರೆ ಅವನು ಓದಲು ಶುರುಮಾಡಿದರೆ ಜನರಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತಿತ್ತು. ಓದಿ ಮುಗಿಸಿದರೆ “ಛಲೋ ಐತಿ, ಮುಂದ ಯಾರದು?” ಎನ್ನುವರು. ಬರುವ ಗುರುವಾರ ನವೆಂಬರ್ ಒಂದನೇ ತಾರೀಖು, ನಾಡು ಒಂದಾಗುವ ದಿನ. ಅಂದಿನ ಸಮಾರಂಭದಲ್ಲಿ ಕೂಡುಕಾದಂಬರಿಯ ಒಂದು ಅಧ್ಯಾಯವನ್ನು, ಬರೆದವರ ಬಾಯಿಂದಲೇ, ವೇದಿಕೆಯ ಮೇಲೆ ಓದಿಸುವುದೆಂದು ಸಮಿತಿಯವರು ಮಾತು ಕೊಟ್ಟಿದ್ದರು. ಆ ವೇದಿಕೆಯನ್ನು ಒಮ್ಮೆ ಹತ್ತಬೇಕು, ತನ್ನ ಮಾತಿಗೆ ಸಾವಿರ ಮಂದಿ ಉಸಿರು ಬಿಗಿಹಿಡಿಯಬೇಕು. ಮಾರ್ತಾಂಡನಿಗೆ ಬೇರೆ ಆಸೆ ಇರಲಿಲ್ಲ. ಈ ತಿಂಗಳು ಚೀಟಿ ಅವನ ಹೆಸರಿಗೇ ಬಂತು. ವಿಮಲಾಬಾಯಿ ಕೊಟ್ಟ ವಿಷಯ ‘ಅಗಲಿಕೆ’. ನಿನ್ನೆ ರವಿವಾರ ಸಂಜೆ ಅವನು ಹೊನ್ನವ್ವಾಯಿಯನ್ನು ಮಲಗಿಸಿದ, ದೀಪ ಆರಿಸಿದ, ಉಸಿರು ನಿಲ್ಲಿಸಿದ, ಅಲ್ಲಿಗೇ ಅಧ್ಯಾಯವನ್ನೂ ನಿಲ್ಲಿಸಿದ. ಇಡೀ ಶೆಡ್ಡು ಬಿಕ್ಕಳಿಸಿತು. ಹೇಮಪ್ಪನಂಥ ಹೇಮಪ್ಪನೂ ಮೂಗು ಒರೆಸಿಕೊಂಡ. ಮಾರ್ತಾಂಡ ತುಪ್ಪ ಉಂಡವನಂತೆ ನಿದ್ದೆ ಮಾಡಿದ್ದ.

ಈಗ ನೋಡಿದರೆ ಹೀಗೆ. ಈ ಓಣಿಯಲ್ಲಿ ಯಾರಾದರೂ ಸತ್ತರೆ, ಹೆಣ ಓಣಿ ದಾಟುವತನಕ ಯಾವ ಜಾತಿಯವರ ಮನೆಯಲ್ಲೂ ಮಗ್ಗದ ಲಾಳಿ ಎಸೆಯುವುದಿಲ್ಲ. ಹಳೆಯ ಪದ್ಧತಿ. ಮಾರ್ತಾಂಡನ ಅಧ್ಯಾಯದಲ್ಲಿ ಹೆಣ ಮನೆಯಲ್ಲೇ ಉಳಿದಿತ್ತು. ಮುಂದಿನ ಅಧ್ಯಾಯಕ್ಕೆ ಇನ್ನೂ ಒಂದು ತಿಂಗಳು.

“ಉಡಚಪ್ಪಾ, ಅದು ಕತಿಯೋ. ಆಕಿ ಕಾಗದದಾಗಿನಾಕಿ” ಎಂದ ಮಾರ್ತಾಂಡ.

“ಅಷ್ಟೂ ತಿಳಿಯದ ಮಂದಿ ಅಲ್ಲರಿ ನಾವು. ಆದ್ರ ಲಾಳಿ ಹಿಡದ್ರ ಕೈ ಏಳವಲ್ದು. ಬೆಳಗಿನಿಂದ ಎರಡ ಸಲ ಕುಂತು ಎದ್ದು ಬಂದೆ. ಇಸ್ಮಾಯಿಲಸಾಬನೂ ಎದ್ದು ಬಂದ.”

ಅಷ್ಟರಲ್ಲಿ ಹೇಮಪ್ಪ ಬಂದ. ರಾತ್ರಿಯ ಅಳು ಅವನ ಮುಖದಿಂದ ಪೂರ್ತಿ ಇಳಿದಿತ್ತು. ದೀಪಾವಳಿಗೆಂದು ಗದಗಿನ ಸಾಹುಕಾರರಿಗೆ ಒಪ್ಪಿಕೊಂಡ ಸೀರೆಗಳು ಇನ್ನೂ ಮಗ್ಗದ ಮೇಲೇ ಇದ್ದವು. ನೇಕಾರರ ಮೇಲೆ ಕೂಗಾಡಿ ನೋಡಿದ. ಅವರು ತಲೆ ತಗ್ಗಿಸಿದರೇ ಹೊರತು ಎದ್ದೇಳಲಿಲ್ಲ. ಕೊನೆಗೆ ಮಾರ್ತಾಂಡನ ಕಡೆ ತಿರುಗಿದ. “ಸಂಜಿಯೊಳಗ ಆ ಮುದುಕಿ ಹೆಣಾನರ ಎತ್ತಸ್ರಿ, ಇಲ್ಲಾ ನಿಮ್ಮ ಹಾಸಿಗಿನರ ಎತ್ತರಿ. ಎರಡ್ರಾಗ ಒಂದು ಏಳಬೇಕು.”

ಇದೇನು ಮಹಾ, ನಾಲ್ಕು ಸಾಲು ಬರೆದು ಹೆಣ ಎತ್ತಿಸಿಬಿಡುತ್ತೇನೆ ಎಂದು ಮಾರ್ತಾಂಡ ಕೋಣೆಗೆ ನುಗ್ಗಿದ. ಕಾಗದ ಹಿಡಿದು ಹೊರಗೆ ಬಂದರೆ ಓಣಿ ಕೇಳಲು ತಯಾರಿಲ್ಲ. ಒಬ್ಬರೇ ಎರಡು ಅಧ್ಯಾಯ ಬರೆಯಬಾರದೆಂಬುದು ಅವರಿಗೂ ಗೊತ್ತಿತ್ತು. ಅದಕ್ಕಿಂತ ದೊಡ್ಡ ತಕರಾರು ಉಡಚಪ್ಪನದು: “ಕೊಂದಾವ್ರೂ ನೀವ, ಹೊರಾವ್ರೂ ನೀವ ಅಂದ್ರ ಹೆಂಗರಿ? ಬರೋಬ್ಬರಿ ಕಾಣಂಗಿಲ್ಲ.”

ಅಡತಿ ಅಂಗಡಿಗೆ ಇವತ್ತು ಬರುವುದಿಲ್ಲ ಎಂದು ಹೇಳಿಕಳಿಸಿ, ಮಾರ್ತಾಂಡ ರೈಲುಹಳಿ ದಾಟಿ ಗದಗಿನ ವಿಮಲಾಬಾಯಿಯವರ ಮನೆಗೆ ಓಡಿದ. ಆಕೆ ಸಾವಧಾನವಾಗಿ ಎಲ್ಲ ಕೇಳಿದರು. ಒಳಗೊಳಗೇ ಸಂತೋಷಪಟ್ಟಂತೆಯೂ ಕಂಡರು. ತಾವು ಕೊಟ್ಟ ವಿಷಯಕ್ಕೆ ಒಂದು ಓಣಿ ಕೆಲಸ ಬಿಟ್ಟು ಕೂತದ್ದು ಅವರ ಆಯುಷ್ಯದಲ್ಲಿ ಇದೇ ಮೊದಲು. ಆದರೆ ನಿಯಮ ನಿಯಮವೇ ಎಂದರು. ಮೊದಲೇ ಎತ್ತಿಟ್ಟ ಮುಂದಿನ ಚೀಟಿ ಬಂದಿರುವುದು ಮುಳಗುಂದದ ಗೋಪಾಲ ಮಾಸ್ತರರಿಗೆ. ಹೆಣ ಎತ್ತಿದರೆ ಅವರೇ ಎತ್ತಬೇಕು. ಬಾಗಿಲ ತನಕ ಬಂದು ಇನ್ನೊಂದು ಮಾತು ಸೇರಿಸಿದರು.

“ಸಮಿತಿಯವರಿಗೆ ನಿಮ್ಮ ಅಧ್ಯಾಯನ ಕಳಿಸೀನಿ. ಅವರು ಒಪ್ಪೂ ಹಂಗ ಕಾಣತದ. ಆದ್ರ ಓಣ್ಯಾಗ ಗದ್ದಲ ಅದ ಅಂತ ಅವರ ಕಿವಿಗೆ ಬಿತ್ತಂದ್ರ ಹಿಂದ ಸರೀತಾರ. ಜಲ್ದಿ ಮುಗಸ್ರಿ.”

ಮಾರ್ತಾಂಡನ ಕಾಲಿಗೆ ರೆಕ್ಕೆ ಬಂದವು. ನಿಲ್ದಾಣಕ್ಕೆ ಬಂದರೆ ಮುಳಗುಂದದ ಬಸ್ಸು ಕಡಲೆ ಚೀಲದ ಹಾಗೆ ತುಂಬಿ ಹೊರಟು ನಿಂತಿತ್ತು. ಜಾಗವಿಲ್ಲವೆಂದು ಕಂಡಕ್ಟರು ಬಾಗಿಲಿಗೆ ಅಡ್ಡ ಕೈ ಇಟ್ಟ.

“ಅಣ್ಣಾ, ಮನ್ಯಾಗ ಹೆಣ ಅದನೋ. ಎತ್ತಾವರನ್ನ ಕರಕೊಂಡ ಬರಲಿಕ್ಕೆ ಹೊಂಟೀನಿ” ಎಂದುಬಿಟ್ಟ ಮಾರ್ತಾಂಡ.

ಅಡ್ಡ ಕೈ ಸರಿಯಿತು. ಬಸ್ಸೆಲ್ಲ ಒತ್ತರಿಸಿಕೊಂಡಿತು. ಮುಂದಿನ ಸೀಟಿನಲ್ಲಿ ಕೆಂಪು ರುಮಾಲಿನ ಹಿರಿಯರೊಬ್ಬರು ಕೂತಿದ್ದರು. ಬಸ್ಸಿನವರೆಲ್ಲ ಅವರನ್ನು ಗಾಳೆಪ್ಪಗೌಡರು ಎನ್ನುತ್ತಿದ್ದರು. ಅವರು ಪಕ್ಕದವನನ್ನು ಎಬ್ಬಿಸಿ ಮಾರ್ತಾಂಡನಿಗೆ ಜಾಗ ಮಾಡಿಕೊಟ್ಟರು. ಎಲೆಯಡಿಕೆ ಮುಂದೆ ಹಿಡಿದವರು, ದುಃಖದಲ್ಲಿರುವವನಿಗೆ ಹಾಗೆ ಮಾಡಬಾರದೆಂದು ನೆನಪಾಗಿ ಹಿಂದಕ್ಕೆ ತೆಗೆದುಕೊಂಡರು. ಯಾರು ತೀರಿಕೊಂಡದ್ದೆಂದು ಕೇಳಿದರು. ಅಜ್ಜಿ ಎಂದ ಮಾರ್ತಾಂಡ. ಸ್ವಂತ ಅಜ್ಜಿಯೇ ಎಂದು ಕೇಳಿದರು. ಮಾರ್ತಾಂಡ ಸೀಟನ್ನು ನೋಡಿದ, ಹಿಂದೆ ಒಂಟಿಗಾಲಲ್ಲಿ ನಿಂತ ಜನರನ್ನು ನೋಡಿದ. ಈಗ ಕತೆಯೆಂದರೆ ಇಳಿಸಿಯೇ ಬಿಡುತ್ತಾರೆ.

“ನಮ್ಮಾಕಿನ ಅನ್ರಿ” ಎಂದ.

ಹರ್ತಿ ಎಂಬ ಊರಿನ ಹೆಣ್ಣುಮಗಳೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ದಾರಿಯಲ್ಲಿ ನಿಲ್ಲಬೇಕಾದ ಕಡೆಗಳಲ್ಲೂ ಬಸ್ಸು ನಿಂತೂ ನಿಲ್ಲದಂತೆ ಓಡಿತು. ನಿನ್ನ ಹೆಸರೇನು, ಯಾವ ಓಣಿ, ಅಜ್ಜಿಗೆ ಎಷ್ಟು ವಯಸ್ಸಾಗಿತ್ತು, ಏನು ಬೇನೆ ಇತ್ತು ಎಂದೆಲ್ಲ ಜನ ಕೇಳಿದರು. ಬರೆದವನಾದ್ದರಿಂದ ಮಾರ್ತಾಂಡ ಎಲ್ಲಕ್ಕೂ ಉತ್ತರ ಕೊಟ್ಟ. ಆಮೇಲೆ ಗಾಳೆಪ್ಪಗೌಡರು ಮೆಲ್ಲಗೆ ಕೇಳಿದರು.

“ಕಡೀಕ ಏನರ ಅಂದ್ಲೇನಪಾ?”

ಮಾರ್ತಾಂಡ ಬಾಯಿ ತೆರೆದ. ಹೊನ್ನವ್ವಾಯಿ ಕೊನೆಗೆ ಏನೂ ಅಂದಿರಲಿಲ್ಲ. ಅವನು ಅನ್ನಿಸಿರಲಿಲ್ಲ. ದೀಪ ಹೇಗೆ ಆರಿತು ಎಂಬುದಕ್ಕೆ ಎರಡು ಪುಟ ಖರ್ಚು ಮಾಡಿದ್ದ, ಯಾವ ಸಾಲಿಗೆ ಜನ ಅತ್ತಾರು ಎಂದು ಲೆಕ್ಕ ಹಾಕಿದ್ದ. ವರ್ಷವೆಲ್ಲ ಮಾತಾಡಿದ ಮುದುಕಿಗೆ ಸಾಯುವಾಗ ಒಂದು ಮಾತು ಆಡಲು ಬಿಟ್ಟಿರಲಿಲ್ಲ. ಅವನು ಕಿಟಕಿಯ ಹೊರಗೆ ನೋಡಿದ. ಅದು ದುಃಖವೆಂದು ಬಸ್ಸಿನವರೆಲ್ಲ ತಿಳಿದರು. ಮುಳಗುಂದ ಬಂದಾಗ ಮೊದಲು ಅವನನ್ನೇ ಇಳಿಸಿದರು.

ಗೋಪಾಲ ಮಾಸ್ತರರು ನಿನ್ನೆಯ ಓದಿಗೆ ಬಂದಿರಲಿಲ್ಲ. ಶಾಲೆಯ ಮಧ್ಯಾಹ್ನದ ಸೂಟಿಯಲ್ಲಿ ಮನೆಗೆ ಬಂದು, ಜಗುಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಮಾರ್ತಾಂಡನನ್ನು ನೋಡಿ ಹಿಗ್ಗಿದರು. ನನ್ನ ಅಧ್ಯಾಯಕ್ಕೆ ಆಗಲೇ ಕೈಹಚ್ಚಿದ್ದೇನೆ, ಹೊನ್ನವ್ವಾಯಿಯನ್ನು ಲಕ್ಷ್ಮೇಶ್ವರಕ್ಕೆ ಕರೆದೊಯ್ಯುತ್ತೇನೆ, ಅಲ್ಲಿ ಆಕೆಗೂ ಒಬ್ಬ ವಕೀಲನಿಗೂ ಜಗಳ, ಕೇಳು ಕೇಳು ಎಂದರು. ಮಾರ್ತಾಂಡ ಕೇಳಲಿಲ್ಲ, ಹೇಳಿದ. ಗೋಪಾಲ ಮಾಸ್ತರರ ಮೀಸೆಗೆ ಹತ್ತಿದ ಮಜ್ಜಿಗೆ ಹಾಗೆಯೇ ಉಳಿಯಿತು.

“ಯಾರನ್ನ ಕೇಳಿ ಕೊಂದ್ಯೋ?”

“ವಿಷಯ ಅಗಲಿಕೆ ಇತ್ತಲ್ರಿ.”

“ಅಗಲಿಕಿ ಅಂದ್ರ ಮನ್ಯಾಗಿನ ಎಮ್ಮಿ ಮಾರಬಹುದಿತ್ತಲ್ಲೋ. ಮಗಳನ್ನ ಗಂಡನ ಮನಿಗೆ ಕಳಸಬಹುದಿತ್ತು. ಆಕೀಗೆ ತಂಬಾಕ ಹಚ್ಚಿದವ ನಾನು. ನಾಕ ತಿಂಗಳಾತು, ಅಂಗಡ್ಯಾಗ ತಂಬಾಕ ನೋಡಿದ್ರ ಆಕೀದ ನೆನಪಾಗತದ ನನಗ. ನೀ ಒಂದ ಸಂಜಿ ಚಪ್ಪಾಳಿಗೆ ಹೋಗಿ ಆಕಿನ್ನ ತಿಂದಿ.”

ಅವರು ಒಳಗೆ ಹೋಗಿ ಕದ ಮುಂದೆ ಮಾಡಿಕೊಂಡರು. ಮಾರ್ತಾಂಡ ಹೊರಗೆ ನಿಂತು, ಮಗ್ಗ ನಿಂತದ್ದನ್ನೂ ದುರಗವ್ವ ಕೈ ಕಟ್ಟಿ ಕೂತದ್ದನ್ನೂ ಹೇಳಿದ. ತನ್ನ ಹಾಸಿಗೆಯ ವಿಷಯವನ್ನು ಯಾಕೋ ಹೇಳಬೇಕೆನಿಸಲಿಲ್ಲ. ಬಹಳ ಹೊತ್ತಿನ ಮೇಲೆ ಮಾಸ್ತರರು ಕೋಟು ಹಾಕಿಕೊಂಡು ಹೊರಗೆ ಬಂದರು. ಕಣ್ಣು ಕೆಂಪಾಗಿದ್ದವು. ಶಾಲೆಗೆ ರಜೆಯ ಚೀಟಿ ಕಳಿಸಿ, ಬಸ್ಸಿನ ತುಂಬ ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆದರು. ಮಾರ್ತಾಂಡ ಇಣುಕಿದರೆ ಮೊಣಕೈ ಅಡ್ಡ ಇಟ್ಟರು.

ಬೆಟಗೇರಿ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಶೆಡ್ಡಿನಲ್ಲಿ ಇಡೀ ಓಣಿ ಕೂಡಿತು. ಗೋಪಾಲ ಮಾಸ್ತರರು ಓದಿದ್ದರಲ್ಲಿ ದೀಪವಿಲ್ಲ, ಗಾಳಿಯಿಲ್ಲ, ಉಪಮೆಯಿಲ್ಲ. ಯಾರು ನೀರು ಕಾಸಿದರು, ಯಾರು ಬಿದಿರು ತಂದರು ಎಂದಷ್ಟೇ ಬರೆದಿದ್ದರು. ಆಕೆ ಬೈದು ಬುದ್ಧಿ ಹೇಳಿದ ಗಂಡಸರೆಲ್ಲ ಹೆಗಲು ಕೊಡಲು ನಾಮುಂದು ತಾಮುಂದು ಎಂದು ಕಿತ್ತಾಡಿದರು, ಆ ಜಗಳ ಬಿಡಿಸಲು ಮಾತ್ರ ಯಾರೂ ಇರಲಿಲ್ಲ ಎಂದು ಬರೆದಿದ್ದರು. ಹೆಣ ಎದ್ದಿತು ಎಂಬ ಸಾಲು ಬಂದಾಗ ಉಡಚಪ್ಪ ಎದ್ದು ನಿಂತ. ಅವನ ಹಿಂದೆ ಎಲ್ಲರೂ ಎದ್ದರು. ಓಣಿ ದಾಟಿತು ಎಂಬಲ್ಲಿಗೆ ಓದು ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಾರ್ತಾಂಡ ಕಂಬಕ್ಕೆ ಒರಗಿ ಕೇಳುತ್ತಿದ್ದ. ಚಪ್ಪಾಳೆಗಿಂತ ದೊಡ್ಡದೊಂದು ಇದೆ, ಅದು ತನಗೆ ಸಿಗಲಿಲ್ಲ ಎಂಬುದು ಆಗ ಅವನಿಗೆ ತಿಳಿಯಿತು.

ಇನ್ನು ಮಗ್ಗ ಶುರುವಾಗಬೇಕಿತ್ತು. ಆದರೆ ಹೆಣ ಕಳಿಸಿ ಬಂದವರು ಸ್ನಾನ ಮಾಡದೆ ಮಗ್ಗ ಮುಟ್ಟುತ್ತಾರೆಯೇ? ಓಣಿಯ ಒಲೆಗಳೆಲ್ಲ ನೀರು ಕಾಸಿದವು. ಎಲ್ಲರೂ ಮಿಂದು ಮುಗಿಸುವಷ್ಟರಲ್ಲಿ ಕತ್ತಲಾಯಿತು. ಸಾಹುಕಾರರ ಕಡೆಯವನು ಬಂದು ಬರಿಗೈಯಲ್ಲಿ ಹೋದ. ಹೇಮಪ್ಪನಿಗೆ ಸಿಟ್ಟು ಬರಬೇಕಿತ್ತು, ಆದರೆ ಅವನ ತಲೆಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಹಾಸಿಗೆಯ ಮಾತು ಆಮೇಲೆ ನೋಡೋಣ ಎಂದು ಗೊಣಗಿ ಒಳಗೆ ಹೋದ.

ಅಷ್ಟರಲ್ಲಿ ಟಾಂಗಾ ನಿಂತು ವಿಮಲಾಬಾಯಿ ಇಳಿದರು. ಸಮಿತಿಯವರು ಮಾರ್ತಾಂಡನ ಅಧ್ಯಾಯವನ್ನು ಒಪ್ಪಿದ್ದಾರೆ, ಗುರುವಾರ ವೇದಿಕೆಯ ಮೇಲೆ ಅದನ್ನೇ ಓದುವುದು ಎಂದರು. ಮಾರ್ತಾಂಡ ಕೈಮುಗಿಯಲು ಹೋದ. ಆಕೆ ಅವನ ಮುಖ ನೋಡಲಿಲ್ಲ.

“ಆದ್ರ ಓದಾವರು ಗೋಪಾಲ ಮಾಸ್ತರು. ನೀವು ವೇದಿಕಿ ಹತ್ತೂ ಹಂಗಿಲ್ಲ.”

“ಯಾಕ್ರಿ ಬಾಯಾರ?”

“ಸೂತಕ ಅದಲ್ಲ ನಿಮಗ. ನಾಡು ಹುಟ್ಟೂ ಮಂಗಳದ ದಿನ, ಸಾವಾದ ಮನಿಯವರು ವೇದಿಕಿ ಮ್ಯಾಲೆ ಬ್ಯಾಡ ಅಂತ ಸಮಿತಿ ಅಧ್ಯಕ್ಷರ ಅಪ್ಪಣಿ. ನಿಮ್ಮ ಅಜ್ಜಿ ಹೋದದ್ದು ಅವರಿಗೆ ಭಾಳ ಕೆಟ್ಟನಸೇದ. ಮುಂಜಾನೆ ಬಸ್ಸಿನ್ಯಾಗ ನೀವ ಹೇಳಿದ್ರಂತ. ಅಧ್ಯಕ್ಷರು ಯಾರಂದ್ರ ಗಾಳೆಪ್ಪಗೌಡರು.”

ಮಾರ್ತಾಂಡ ಟಾಂಗಾದ ಗಾಲಿ ಹಿಡಿದುಕೊಂಡ. ಸತ್ತವಳು ಕತೆಯ ಅಜ್ಜಿ ಎಂದು ನೀವಾದರೂ ಹೇಳಬಾರದಿತ್ತೇ ಎಂದು ತೊದಲಿದ.

“ಹೇಳ್ತಿದ್ದೆ. ಹೇಳಿದ್ರ ಏನಂತಾರ? ಸೀಟಿಗೋಸ್ಕರ ಅಜ್ಜಿನ್ನ ಸಾಯಿಸಿದವ ಅಂತ ಅಧ್ಯಾಯನೂ ಹೊರಗ ಒಗೀತಾರ. ಸುಳ್ಳ ಉಳಿದ್ರ ನಿಮ್ಮ ಬರಹನರ ವೇದಿಕಿ ಮುಟ್ಟತದ.” ಮೆತ್ತಗೆ ಸೇರಿಸಿದರು: “ನಿಮ್ಮ ಹೆಸರು ಹೇಳೂದಿಲ್ಲ. ಕೂಡಿ ಬರದದ್ದಕ್ಕ ಒಬ್ಬರ ಹೆಸರು ಯಾಕ, ಬಳಗದ್ದಂತ ಹೇಳೋಣು ಅಂದಾರ.”

ಟಾಂಗಾ ಹೋಯಿತು. ಗೋಪಾಲ ಮಾಸ್ತರರೂ ಅದರಲ್ಲೇ ಹೋದರು. ಹೋಗುವಾಗ ಓದಿಗೆಂದು ಮಾರ್ತಾಂಡನ ಅಧ್ಯಾಯದ ಪ್ರತಿ ಇಸಿದುಕೊಂಡು, ಕೊನೆಗೆ ಆಕೆಯ ಬಾಯಲ್ಲಿ ಒಂದು ಮಾತು ನಾನು ಹಾಕಲೇ ಎಂದು ಕೇಳಿದರು. ಮಾರ್ತಾಂಡ ಹಾಕಿರೆಂದು ತಲೆಯಾಡಿಸಿದ.

ಕೋಣೆಯಲ್ಲಿ ಕೂತಿದ್ದಾಗ ಬಾಗಿಲಲ್ಲಿ ಬಳೆ ಸದ್ದಾಯಿತು. ದುರಗವ್ವ ಒಂದು ಗಂಗಾಳವನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದಳು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸಬಾರದು, ನೆರೆಯವರು ಉಣ್ಣಲು ತರಬೇಕು. ಓಣಿಯವರೆಲ್ಲ ಕೂತು ವಿಚಾರ ಮಾಡಿ, ಹೊನ್ನವ್ವಾಯಿಗೆ ಮನೆ ಅಂತ ಯಾವುದೂ ಇಲ್ಲದ್ದರಿಂದ, ಆಕೆ ತೀರಿಕೊಂಡದ್ದು ಮಾರ್ತಾಂಡನ ಕೈಯಲ್ಲಾದ್ದರಿಂದ, ಸಾವಿನ ಮನೆ ಇದೇ ಎಂದು ತೀರ್ಮಾನಿಸಿದ್ದರಂತೆ. ಗಂಗಾಳ ಕೆಳಗಿಟ್ಟಳು. ಹೋಗಲಿಲ್ಲ.

“ನಾ ಒಬ್ಬಾಕೀನ ಕುಂತು ಕಂಡಿಕಿ ಸುತ್ತತೀನ್ರಿ ರಾಯರ. ಮಾತಾಡಾಕ ಯಾರಿಲ್ಲ. ಮನಸಿನ್ಯಾಗ ಆಕೀ ಕೂಡನ ಮಾತಾಡತಿದ್ನಿ. ಆಕಿ ನಿಮಗೇನು ಮಾಡಿದ್ಳು?”

“ಏನೂ ಮಾಡಿರಲಿಲ್ಲವ್ವಾ.”

“ಮತ್ತ?”

ಮಾರ್ತಾಂಡ ಗಂಗಾಳದಲ್ಲಿದ್ದ ಜೋಳದ ರೊಟ್ಟಿಯನ್ನೇ ನೋಡುತ್ತಿದ್ದ.

“ಹೋಗ್ಲಿ, ಉಣ್ರಿ. ಆರಿ ಹೊಕ್ಕಾವು” ಎಂದು ಹೇಳಿ ಹೋದಳು.

ಅವನು ರೊಟ್ಟಿ ಮುರಿದು ಬಾಯಿಗಿಟ್ಟ. ಒಂದು ತುತ್ತು ನುಂಗಿ ನೀರಿಗೆ ಕೈಚಾಚಿದ. ಬಿಂದಿಗೆಯಲ್ಲಿ ನೀರು ಖಾಲಿ; ಬೆಳಗಿನಿಂದ ತುಂಬಿರಲಿಲ್ಲ. ತಂಬಿಗೆ ಹಿಡಿದು ಬಾವಿಯ ಕಟ್ಟೆಗೆ ಹೋದ. ಅಲ್ಲಿ ನೀರು ಸೇದುತ್ತಿದ್ದ ಓಣಿಯ ಬಸವಣ್ಣೆವ್ವ ಅವನನ್ನು ಕಂಡು ತನ್ನ ತುಂಬಿದ ಕೊಡವನ್ನು ಅವನ ನೆರಳು ಬೀಳದಷ್ಟು ದೂರ ಸರಿಸಿಟ್ಟಳು. ಹಗ್ಗವನ್ನು ಅವನ ಕೈಗೆ ಕೊಡದೆ ತಾನೇ ಒಂದು ಕೊಡ ಸೇದಿ, ಸೂತಕ ತಾಗದಂತೆ ಎತ್ತರದಿಂದ ಅವನ ತಂಬಿಗೆಗೆ ನೀರು ಹುಯ್ದಳು.